ದಿಂಬಿನ ಎತ್ತರದಿಂದ ಕಾಣುವ ತೋಟ: ಹಾಸ್ಪಿಸ್‌ನಲ್ಲಿ ಪಂಚೇಂದ್ರಿಯ ತೋಟ ಕಟ್ಟುವ ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ಗುಣಪಡಿಸಲಾಗದ ಕಾಯಿಲೆಯ ಕೊನೆಯ ಹಂತದಲ್ಲಿರುವವರ ನೋವು, ಉಸಿರಾಟದ ತೊಂದರೆ, ವಾಕರಿಕೆ ಮತ್ತು ಆತಂಕಗಳನ್ನು ತಗ್ಗಿಸಿ, ಉಳಿದ ದಿನಗಳನ್ನು ಅವರು ಘನತೆಯಿಂದ ಕಳೆಯುವಂತೆ ನೋಡಿಕೊಳ್ಳುವ ಆರೈಕೆ ಕೇಂದ್ರವೇ ಹಾಸ್ಪಿಸ್. ಬ್ರಿಟನ್ನಿನ ವೈದ್ಯೆ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸನ್ನು ಆರಂಭಿಸಿದಾಗ ಈ ಆರೈಕೆಗೆ ಇಂದಿನ ರೂಪ ಬಂದಿತು. ನಮ್ಮ ದೇಶದಲ್ಲಿ 1986ರಲ್ಲಿ ಮುಂಬೈಯ ಶಾಂತಿ ಅವೇದನಾ ಸದನವೂ, 1999ರಲ್ಲಿ ಬೆಂಗಳೂರಿನ ಕರುಣಾಶ್ರಯವೂ ಬಾಗಿಲು ತೆರೆದವು. ಇಂಥ ಕೇಂದ್ರಗಳ ಆವರಣದಲ್ಲಿ ನೋಟ, ವಾಸನೆ, ಸ್ಪರ್ಶ, ಶಬ್ದ ಮತ್ತು ರುಚಿಗಳಿಗೆ ಒದಗುವ ತೋಟವೊಂದನ್ನು ಕಟ್ಟಿಕೊಡಬೇಕೆಂದು ಹೊರಡುವ ಸ್ವಯಂಸೇವಕರು ಈಗ ಅನೇಕರಿದ್ದಾರೆ. ಈ ಮಾರ್ಗದರ್ಶಿ ಅಂಥವರಿಗಾಗಿ. ಇಲ್ಲಿ ಹೇಳಿರುವ ಗಿಡ, ಮಣ್ಣು ಮತ್ತು ಋತುಗಳ ವಿವರ ಬೆಂಗಳೂರು ಹಾಗೂ ಹಳೆ ಮೈಸೂರು ಭಾಗದ ಹವೆಗೆ ಹೊಂದುವಂಥದ್ದು. ಕರಾವಳಿಯವರು ಮತ್ತು ಉತ್ತರ ಕರ್ನಾಟಕದವರು ತಮ್ಮ ಮಳೆ ಬಿಸಿಲು ನೋಡಿಕೊಂಡು ಬದಲಿಸಿಕೊಳ್ಳಬೇಕು.

ಕೆಲಸಕ್ಕೆ ಕೈಹಾಕುವ ಮೊದಲು ಎರಡು ಸಂಗತಿಗಳನ್ನು ತಂಡದ ಪ್ರತಿಯೊಬ್ಬರೂ ಒಪ್ಪಿಕೊಂಡಿರಬೇಕು. ಮೊದಲನೆಯದಾಗಿ, ಈ ತೋಟವನ್ನು ಬಳಸುವವರಲ್ಲಿ ಬಹುಪಾಲು ಮಂದಿ ಅದರೊಳಗೆ ನಡೆದಾಡುವುದಿಲ್ಲ. ಗಾಲಿಕುರ್ಚಿಯಲ್ಲಿ ಬರುತ್ತಾರೆ, ಮಂಚದ ಸಮೇತ ಬರುತ್ತಾರೆ, ಇಲ್ಲವೇ ಕಿಟಕಿಯಿಂದ ನೋಡುತ್ತಾರೆ. ಎರಡನೆಯದಾಗಿ, ಅವರಿಗೆ ಸಮಯವಿಲ್ಲ. ನಾಲ್ಕು ವರ್ಷಕ್ಕೆ ಹೂಬಿಡುವ ಸಸಿಯನ್ನು ನೆಟ್ಟು ಕಾಯುವುದು ಮನೆಯಂಗಳದಲ್ಲಿ ಸರಿ. ಹಾಸ್ಪಿಸ್‌ಗೆ ಬಂದವರು ಅಲ್ಲಿ ಕಳೆಯುವುದು ಹೆಚ್ಚಾಗಿ ಕೆಲವು ವಾರಗಳನ್ನು, ಕೆಲವೊಮ್ಮೆ ಕೆಲವೇ ದಿನಗಳನ್ನು. ಆದ್ದರಿಂದ ತೋಟವು ಯಾವ ದಿನ ನೋಡಿದರೂ ಏನನ್ನಾದರೂ ಕೊಡುವಂತಿರಬೇಕು. ಮುಂದೆ ಹೇಳುವ ಅಳತೆ, ಗಿಡ, ವೇಳಾಪಟ್ಟಿಗಳೆಲ್ಲ ಈ ಎರಡು ಸಂಗತಿಗಳಿಂದಲೇ ಹುಟ್ಟಿದವು.

ಕಿಟಕಿಯ ನೋಟವನ್ನು ಕಡಿಮೆಯೆಂದು ಎಣಿಸಬೇಡಿ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ಪೈಕಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು ಮತ್ತು ಅವರಿಗೆ ಪ್ರಬಲವಾದ ನೋವು ನಿವಾರಕಗಳು ಕಡಿಮೆ ಬೇಕಾದವು. ಅವರು ಗುಣವಾಗಿ ಮನೆಗೆ ಹೋಗುವವರು, ಹಾಸ್ಪಿಸ್‌ನಲ್ಲಿರುವವರ ಸ್ಥಿತಿ ಬೇರೆ ಎಂಬುದು ನಿಜ. ಆದರೂ ಮಲಗಿದ ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನು ಆಸ್ಪತ್ರೆ ಕಟ್ಟುವವರು ಲೆಕ್ಕಕ್ಕೆ ತೆಗೆದುಕೊಳ್ಳತೊಡಗಿದ್ದರಲ್ಲಿ ಆ ಪುಟ್ಟ ಅಧ್ಯಯನದ ಪಾಲು ದೊಡ್ಡದು.

ಹೆಜ್ಜೆ 1: ಗುದ್ದಲಿಗಿಂತ ಮೊದಲು ಮಾತುಕತೆ

ಮೊದಲು ಆಡಳಿತದವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಜಾಗ ಎಷ್ಟು, ನೀರು ಎಲ್ಲಿಂದ, ವಿದ್ಯುತ್ ಯಾರದು, ಎರಡು ವರ್ಷದ ನಂತರ ಮಾಲಿಯ ಸಂಬಳ ಕೊಡುವವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಆ ಪತ್ರದಲ್ಲಿ ಉತ್ತರವಿರಬೇಕು. ಅನಂತರ ನರ್ಸ್‌ಗಳೊಂದಿಗೆ, ಫಿಸಿಯೋಥೆರಪಿಯವರೊಂದಿಗೆ, ಮುಖ್ಯವಾಗಿ ವಾರ್ಡಿನ ಆಯಾಗಳೊಂದಿಗೆ ಕುಳಿತು ಮಾತನಾಡಿ. ಮಂಚವನ್ನು ಹೊರಗೆ ತಳ್ಳುವವರು ಆಯಾಗಳೇ; ಯಾವ ಬಾಗಿಲಿನ ಹೊಸ್ತಿಲು ಗಾಲಿಯನ್ನು ತಡೆಯುತ್ತದೆ, ಯಾವ ಹೊತ್ತಿಗೆ ಕೈ ಬಿಡುವಾಗಿರುತ್ತದೆ, ಯಾವ ಮೂಲೆಯಲ್ಲಿ ಮನೆಯವರು ಒಬ್ಬರೇ ನಿಂತು ಅಳುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಆ ಕೊನೆಯ ಮೂಲೆಗೆ ಒಂದು ಬೆಂಚೂ, ಅದಕ್ಕೆ ಮರೆಯಾಗುವಷ್ಟು ಎತ್ತರದ ಗಿಡಗಳೂ ಬೇಕು ಎಂಬುದನ್ನು ಅಂದೇ ಬರೆದಿಟ್ಟುಕೊಳ್ಳಿ.

ರೋಗಿಗಳ ಅಭಿಪ್ರಾಯವನ್ನು ನರ್ಸ್‌ಗಳ ಮೂಲಕವೇ ಕೇಳಿ. ಉದ್ದನೆಯ ಪ್ರಶ್ನಾವಳಿ ಬೇಡ. ‘ನಿಮ್ಮ ಮನೆಯ ಹಿತ್ತಲಲ್ಲಿ ಏನಿತ್ತು?’ ಎಂಬ ಒಂದೇ ಪ್ರಶ್ನೆ ಸಾಕು. ಅದಕ್ಕೆ ಬರುವ ಉತ್ತರಗಳು ಹೆಚ್ಚಾಗಿ ಕರಿಬೇವು, ಬಸಳೆ, ದಾಸವಾಳ, ಮಲ್ಲಿಗೆ, ನುಗ್ಗೆ ಮುಂತಾದವೇ ಹೊರತು ನರ್ಸರಿಯ ಮುಂಭಾಗದಲ್ಲಿ ಜೋಡಿಸಿಟ್ಟ ಅಲಂಕಾರದ ಗಿಡಗಳಲ್ಲ.

ಇದರ ಜೊತೆಗೆ ತಂಡದ ಒಬ್ಬಿಬ್ಬರು ಖಾಲಿಯಿರುವ ಮಂಚದ ಮೇಲೆ ಅನುಮತಿ ಪಡೆದು ಮಲಗಿ ನೋಡಬೇಕು. ದಿಂಬಿನ ಮೇಲೆ ತಲೆಯಿಟ್ಟಾಗ ಕಿಟಕಿಯ ಕೆಳ ಅಂಚು ಎಲ್ಲಿ ಬರುತ್ತದೆ, ಅದರಾಚೆ ನೆಲ ಕಾಣುತ್ತದೆಯೇ ಅಥವಾ ಬರೀ ಆಕಾಶವೇ ಎಂಬುದನ್ನು ಫೋಟೊ ತೆಗೆದು ಇಟ್ಟುಕೊಳ್ಳಿ. ನಿಂತು ನೋಡಿದಾಗ ಚೆಲುವಾಗಿ ಕಾಣುವ ಹೂವಿನ ಪಾತಿ ಮಲಗಿದವರಿಗೆ ಕಾಣುವುದೇ ಇಲ್ಲ. ಅವರಿಗೆ ಬೇಕಾದದ್ದು ಕಿಟಕಿಯ ಮಟ್ಟಕ್ಕೆ ಏರುವ ಬಳ್ಳಿ, ಗಾಳಿಗೆ ಅಲುಗುವ ರೆಂಬೆ, ಬೆಳಕನ್ನು ಹಾಯಗೊಡುವ ತೆಳು ಎಲೆ. ಬೆಳಗಿನ ಎಂಟು ಗಂಟೆ, ನಡುಮಧ್ಯಾಹ್ನ ಮತ್ತು ಸಂಜೆ ಐದು ಗಂಟೆಗೆ ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ.

ಹೆಜ್ಜೆ 2: ದಾರಿ ಮತ್ತು ನೆರಳು

ಹಣದ ದೊಡ್ಡ ಪಾಲು ದಾರಿಗೇ ಹೋಗಲಿ. ಗಾಲಿಕುರ್ಚಿಗೆ ಕನಿಷ್ಠ 1.2 ಮೀಟರ್ ಅಗಲದ ದಾರಿ ಬೇಕು, ತಿರುಗಿಸುವಲ್ಲಿ 1.5 ಮೀಟರ್ ಜಾಗ ಬೇಕು. ಮಂಚ ಹೊರಬರುವ ದಾರಿಯು ಎರಡೂ ಬದಿಯಲ್ಲಿ ಒಬ್ಬೊಬ್ಬರು ನಡೆಯುವಂತೆ ಸುಮಾರು 2 ಮೀಟರ್ ಇದ್ದರೆ ಒಳ್ಳೆಯದು. ಮಂಚವನ್ನು ತಿರುಗಿಸಲು ಅದರ ಉದ್ದಕ್ಕಿಂತ ಹೆಚ್ಚಿನ ಅಂಗಳ ಬೇಕಾಗುವುದರಿಂದ, ಎಲ್ಲ ಕಡೆಗೂ ಮಂಚ ಹೋಗಬೇಕೆಂದು ಹಟ ಹಿಡಿಯದೆ, ವಾರ್ಡಿನ ಬಾಗಿಲಿಗೆ ಹತ್ತಿರದಲ್ಲಿಯೇ ಎರಡು ಮಂಚಗಳು ನಿಲ್ಲುವಷ್ಟು ನೆರಳಿನ ಜಾಗವೊಂದನ್ನು ಮಾಡುವುದು ಜಾಣತನ. ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿಗಿಂತ ಕಡಿದಾಗಿರಬಾರದು. ಮಂಚ ತಳ್ಳುವ ಕಡೆಯಲ್ಲಿ 20 ಅಡಿಗೆ 1 ಅಡಿ ಇಟ್ಟುಕೊಂಡರೆ ತಳ್ಳುವವರ ಬೆನ್ನೂ ಉಳಿಯುತ್ತದೆ, ಮಲಗಿದವರಿಗೆ ಜಾರುವ ಭಯವೂ ಇರುವುದಿಲ್ಲ.

ನೆಲಹಾಸು ಒಂದೇ ಸಮನಾಗಿರಬೇಕು. ಬಿಡಿ ಬೆಣಚುಕಲ್ಲು, ಹುಲ್ಲಿನ ನಡುವೆ ಹೆಜ್ಜೆಗೊಂದರಂತೆ ಇಟ್ಟ ಚಪ್ಪಡಿ, ಕಾಲಕ್ರಮೇಣ ಮೇಲೇಳುವ ಇಂಟರ್‌ಲಾಕ್ ಇಟ್ಟಿಗೆ ಇವು ಮೂರೂ ಇಲ್ಲಿ ಬೇಡ. ಮೂಳೆಗೆ ಕ್ಯಾನ್ಸರ್ ಹರಡಿರುವವರಿಗೆ ಗಾಲಿಯ ಒಂದೊಂದು ಕುಲುಕಾಟವೂ ನೋವೇ. ಒರಟು ಮೈಯ ಸಾದರಹಳ್ಳಿ ಗ್ರಾನೈಟ್ ಕಲ್ಲನ್ನು ಬಿಗಿಯಾಗಿ ಜೋಡಿಸಬಹುದು, ಇಲ್ಲವೇ ಹಸಿ ಕಾಂಕ್ರೀಟಿನ ಮೇಲೆ ಪೊರಕೆ ಎಳೆದು ಗೆರೆ ಮೂಡಿಸಿ ಜಾರದಂತೆ ಮಾಡಬಹುದು. ಕಪ್ಪು ಕಡಪಾ ಕಲ್ಲು ಬಿಸಿಲಿಗೆ ಕಾದು ಸುಡುತ್ತದೆ, ಬಿಸಿಲಿಗೆ ಬಿದ್ದ ಸ್ಟೀಲ್ ಕೈಹಿಡಿ ಕಂಬಿಯೂ ಹಾಗೆಯೇ; ಕೈ ತಾಗುವಲ್ಲೆಲ್ಲ ಮರವನ್ನು ಬಳಸಿ.

ನೆರಳಿಗೆ ಮರ ಬೆಳೆಯುವವರೆಗೆ ಕಾಯಲಾಗದು. ಕಬ್ಬಿಣದ ಚಪ್ಪರ ಹಾಕಿ, ಮೊದಲ ವರ್ಷ ಹಸಿರು ನೆರಳುಬಲೆ ಕಟ್ಟಿ, ಅದರಡಿಯಿಂದಲೇ ಮಧುಮಾಲತಿ, ಶಂಖಪುಷ್ಪಗಳನ್ನು ಹಬ್ಬಿಸಿ. ಶಂಖಪುಷ್ಪವನ್ನು ಬೀಜ ಹಾಕಿ ಬೆಳೆಸಿದರೂ ಕೆಲವೇ ತಿಂಗಳಲ್ಲಿ ಹೂ ಬರುತ್ತದೆ. ಬಳ್ಳಿಗಳು ಹಬ್ಬಿದ ಮೇಲೆ ಬಲೆಯನ್ನು ತೆಗೆದುಬಿಡಬಹುದು. ಚಪ್ಪರದ ಕೆಳಗೆ ಮಲಗಿದವರ ಕಣ್ಣಿಗೆ ಎಲೆಗಳ ತಳಭಾಗವೇ ತೋಟವಾಗಿರುವುದರಿಂದ, ಚಪ್ಪರವು ಈ ಇಡೀ ಕೆಲಸದ ಮುಖ್ಯ ಭಾಗವೆಂದೇ ನಾನು ಎಣಿಸುತ್ತೇನೆ.

ಹೆಜ್ಜೆ 3: ಎತ್ತರದ ಪಾತಿ, ಗಾಲಿಯ ಕುಂಡ, ಮಣ್ಣು

ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೆ ಸಿಗುವಂತೆ ಪಾತಿಯನ್ನು 60ರಿಂದ 75 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಬೇಕು. ಒಂದೇ ಕಡೆಯಿಂದ ಕೈಚಾಚುವಂತಿದ್ದರೆ ಅಗಲ 60 ಸೆಂಟಿಮೀಟರ್ ಮೀರಬಾರದು. ಎರಡೂ ಕಡೆ ದಾರಿಯಿದ್ದರೆ ಅದರ ದುಪ್ಪಟ್ಟು ಇಡಬಹುದು. ಒಂದೆರಡು ಪಾತಿಗಳನ್ನಾದರೂ ಮೇಜಿನಂತೆ ಅಡಿಯಲ್ಲಿ ಮೊಣಕಾಲು ಹೋಗುವಂತೆ ಮಾಡಿಸಿ. ಪಕ್ಕಕ್ಕೆ ತಿರುಗಿ ಕುಳಿತು ಕೈಚಾಚುವುದು ನಿತ್ರಾಣರಾದವರಿಗೆ ಬಹಳ ಕಷ್ಟ. ಇವುಗಳಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುವುದು ಗಾಲಿ ಹಚ್ಚಿದ ಕುಂಡಗಳು. ಹಾಸಿಗೆ ಬಿಟ್ಟು ಏಳಲಾಗದವರ ಕಿಟಕಿಯ ಹೊರಗೆ, ವರಾಂಡಾದ ಅಂಚಿಗೆ, ಆ ವಾರ ಹೂಬಿಟ್ಟ ಕುಂಡವನ್ನು ತಳ್ಳಿ ನಿಲ್ಲಿಸಬಹುದು. ಹೂ ಮುಗಿದದ್ದನ್ನು ಹಿಂದಕ್ಕೆ ಒಯ್ದು ಬೇರೆಯದನ್ನು ತರಬಹುದು.

ಮಣ್ಣಿಗೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದರೆ ಸಾಕು. ತಳದಲ್ಲಿ ನೀರು ಹರಿದುಹೋಗುವ ತೂತುಗಳು ಇರಲೇಬೇಕು. ಆದರೆ ಇಲ್ಲಿ ಮಣ್ಣಿನ ವಿಚಾರಕ್ಕೆ ಇನ್ನೊಂದು ಮುಖವಿದೆ. ಗೊಬ್ಬರದಲ್ಲೂ ಕೊಳೆತ ಎಲೆಯಲ್ಲೂ ಇರುವ ಶಿಲೀಂಧ್ರದ ಕಣಗಳು, ರೋಗನಿರೋಧಕ ಶಕ್ತಿ ಕುಗ್ಗಿದವರ ಶ್ವಾಸಕೋಶಕ್ಕೆ ಅಪಾಯ ತರಬಲ್ಲವು. ಆದ್ದರಿಂದ ಮಣ್ಣು ಬೆರೆಸುವುದು, ಗೊಬ್ಬರದ ಚೀಲ ಬಿಚ್ಚುವುದು, ಒಣಗಿದ ಎಲೆ ಗುಡಿಸುವುದು ಎಲ್ಲವೂ ವಾರ್ಡಿನಿಂದ ದೂರದಲ್ಲಿ, ರೋಗಿಗಳು ಹೊರಗಿಲ್ಲದ ಹೊತ್ತಿನಲ್ಲಿ, ಸ್ವಲ್ಪ ನೀರು ಚಿಮುಕಿಸಿಕೊಂಡು, ಮಾಸ್ಕ್ ಮತ್ತು ಕೈಗವಸು ಧರಿಸಿ ಆಗಬೇಕು. ಮಣ್ಣು ಮುಟ್ಟಬೇಕೆಂದು ಆಸೆಪಡುವ ರೋಗಿಗೆ ನರ್ಸ್ ಒಪ್ಪಿದರೆ ಮಾತ್ರ ಕೈಗವಸು ತೊಡಿಸಿ ಅವಕಾಶ ಕೊಡಿ. ಬೇವಿನ ಹಿಂಡಿ, ಹಸಿ ಸಗಣಿ, ಮೀನಿನ ಗೊಬ್ಬರಗಳನ್ನು ಕಿಟಕಿಯ ಬಳಿ ಹಾಕಲೇಬೇಡಿ. ವಾಕರಿಕೆಯಿಂದ ಬಳಲುವವರಿಗೆ ಆ ವಾಸನೆ ದಿನವಿಡೀ ಹಿಂಸೆ.

ಹೆಜ್ಜೆ 4: ವಾಸನೆಯನ್ನು ಹೇರದೆ ಕೊಡುವುದು

ಪಂಚೇಂದ್ರಿಯ ತೋಟವೆಂದರೆ ಘಮಘಮಿಸುವ ತೋಟವೆಂದು ತಿಳಿದು, ಕಿಟಕಿಯ ಕೆಳಗೆ ಸುಗಂಧರಾಜ ಮತ್ತು ರಾತ್ರಿರಾಣಿಗಳನ್ನು ಸಾಲಾಗಿ ನೆಡುವವರಿದ್ದಾರೆ. ಕಾಯಿಲೆಯಿಂದಲೋ ಕೀಮೋಥೆರಪಿಯಿಂದಲೋ ವಾಸನೆಯ ಗ್ರಹಿಕೆ ಬದಲಾಗಿರುವವರಿಗೆ, ಮೊದಲು ಪ್ರಿಯವಾಗಿದ್ದ ಪರಿಮಳವೇ ಹೊಟ್ಟೆ ತೊಳಸುವಂತೆ ಮಾಡಬಹುದು, ಮತ್ತು ಅವರು ಎದ್ದು ಕಿಟಕಿ ಮುಚ್ಚಲಾರರು. ಆದ್ದರಿಂದ ಈ ತೋಟದಲ್ಲಿ ವಾಸನೆಯು ಗಾಳಿಯಲ್ಲಿ ಬರುವುದಕ್ಕಿಂತ ಕೈಯಿಂದ ಬರಬೇಕು. ಮುಟ್ಟಿ ಉಜ್ಜಿದಾಗ ಮಾತ್ರ ಪರಿಮಳ ಬಿಡುವ ಎಲೆಗಳೇ ಇದರ ಜೀವ. ಬೇಕೆಂದವರು ಉಜ್ಜಿ ಮೂಸುತ್ತಾರೆ, ಬೇಡವೆಂದವರು ಬಿಡುತ್ತಾರೆ.

ನಮ್ಮ ನಾಡಿನಲ್ಲಿ ಇಂಥ ಎಲೆಗಳಿಗೆ ಬರವಿಲ್ಲ. ತುಳಸಿ, ಕಾಮಕಸ್ತೂರಿ, ಮರುಗ, ದವನ, ಪಚ್ಚೆತೆನೆ, ದೊಡ್ಡಪತ್ರೆ, ಪುದೀನಾ, ಕರಿಬೇವು, ಮಜ್ಜಿಗೆಹುಲ್ಲು ಇವುಗಳಿಂದಲೇ ಒಂದು ಇಡೀ ಪಾತಿ ತುಂಬುತ್ತದೆ. ಬೆಂಗಳೂರಿನಲ್ಲಿ ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಇವುಗಳಲ್ಲಿ ಬಹುಪಾಲು ಸಿಗುತ್ತವೆ. ಸುಗಂಧ ಸಸ್ಯಗಳ ವಿಷಯದಲ್ಲಿ ಸಲಹೆ ಬೇಕಿದ್ದರೆ ಅಲ್ಲಾಳಸಂದ್ರದಲ್ಲಿರುವ ಸಿಮ್ಯಾಪ್ (ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ) ಸಂಶೋಧನಾ ಕೇಂದ್ರವನ್ನು ವಿಚಾರಿಸಬಹುದು. ದವನ ಚಳಿಗಾಲದ ಬೆಳೆ, ದವನದ ಹುಣ್ಣಿಮೆಯ ಹೊತ್ತಿಗೆ ಅದರ ಕಾಲ ಮುಗಿಯುತ್ತ ಬರುತ್ತದೆ. ಅದರ ಜಾಗಕ್ಕೆ ಮುಂಚಿತವಾಗಿಯೇ ಕಾಮಕಸ್ತೂರಿಯ ಸಸಿಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಹಾಸಿಗೆ ಬಿಟ್ಟು ಬರಲಾರದವರಿಗೆ ‘ಎಲೆ ತಟ್ಟೆ’ಯೊಂದನ್ನು ರೂಢಿಗೆ ತನ್ನಿ. ಸಣ್ಣ ಸ್ಟೀಲ್ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಚೆನ್ನಾಗಿ ತೊಳೆದ ಮೂರು ಬಗೆಯ ಎಲೆಗಳನ್ನು ಬಿಡಿಬಿಡಿಯಾಗಿ ಇಟ್ಟು, ನರ್ಸ್ ಅನುಮತಿಯೊಂದಿಗೆ ಮಂಚದ ಬಳಿಗೆ ಒಯ್ಯುವುದು, ಅಷ್ಟೇ. ಮೂರಕ್ಕಿಂತ ಹೆಚ್ಚಾದರೆ ವಾಸನೆಗಳು ಕಲಸಿಹೋಗುತ್ತವೆ. ಹೂ ಕಟ್ಟಿಯೇ ಸಂಸಾರ ನಡೆಸಿದ್ದ ಅಜ್ಜಿಯೊಬ್ಬರು, ಮಾತು ಬಹುತೇಕ ನಿಂತಿದ್ದ ಸ್ಥಿತಿಯಲ್ಲಿ, ಆ ತಟ್ಟೆಯಿಂದ ಮರುಗದ ಕಡ್ಡಿಯೊಂದನ್ನು ಎತ್ತಿಕೊಂಡು, ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಹಿಡಿದು, ಇಲ್ಲದ ದಾರವನ್ನು ಸುತ್ತಿ ಗಂಟು ಎಳೆದುದನ್ನು ನಾನು ನೋಡಿದ್ದೇನೆ. ಎಲೆಯನ್ನು ಅವರ ಮೂಗಿನ ಹತ್ತಿರ ನಾವು ಹಿಡಿಯಬಾರದು. ತಟ್ಟೆಯನ್ನು ಕೈಗೆ ಎಟಕುವಂತೆ ಇಟ್ಟು ಸುಮ್ಮನಿರಬೇಕು.

ಹೂವಿನ ಪರಿಮಳವೇ ಬೇಡವೆಂದಲ್ಲ. ಮಲ್ಲಿಗೆ, ಜಾಜಿ, ಸಂಪಿಗೆಗಳನ್ನು ವಾರ್ಡಿನಿಂದ ದೂರದ ತುದಿಯಲ್ಲಿ, ಗಾಳಿ ಬೀಸುವ ದಿಕ್ಕನ್ನು ನೋಡಿ ನೆಡಿ. ಬೀಜದಿಂದ ಬಂದ ಸಂಪಿಗೆ ಹೂಬಿಡಲು ವರ್ಷಗಟ್ಟಲೆ ಹಿಡಿಯುವುದರಿಂದ ಕಸಿ ಗಿಡವನ್ನೇ ತನ್ನಿ. ಪಾರಿಜಾತವನ್ನು ಮಾತ್ರ ದಾರಿಯ ಪಕ್ಕದಲ್ಲೇ ನೆಡಬಹುದು. ಅದು ಇರುಳಲ್ಲಿ ಅರಳಿ ನಸುಕಿನಲ್ಲಿ ಉದುರುತ್ತದೆ. ಗಿಡದಡಿ ಬಿಳಿ ಬಟ್ಟೆ ಹಾಸಿಟ್ಟರೆ ಬೆಳಗಿನ ಎಲೆ ತಟ್ಟೆಗೆ ಶುಚಿಯಾದ ಹೂಗಳು ತಾನಾಗಿ ಸಿಗುತ್ತವೆ.

ಹೆಜ್ಜೆ 5: ಉಳಿದ ಇಂದ್ರಿಯಗಳು

ಕಣ್ಣಿಗೆ: ಬಣ್ಣಗಳನ್ನು ಚೆಲ್ಲಾಡದೆ ಒಂದೊಂದು ಬಣ್ಣವನ್ನು ಗುಂಪಾಗಿ ನೆಡಿ, ದೃಷ್ಟಿ ಮಂಜಾದವರಿಗೆ ಆಗ ಮಾತ್ರ ಅದು ಕಾಣುತ್ತದೆ. ಚೆಂಡುಹೂ ಬಿತ್ತಿದ ಸುಮಾರು ಎರಡು ತಿಂಗಳಲ್ಲಿ ಹೂಬಿಡುವುದರಿಂದ ಪ್ರತಿ ತಿಂಗಳೂ ಒಂದು ತಟ್ಟೆ ಬೀಜ ಹಾಕುತ್ತಿದ್ದರೆ ಬಣ್ಣ ತಪ್ಪುವುದಿಲ್ಲ. ಮುಸ್ಸಂಜೆಯಲ್ಲಿ ಕೆಂಪು ಮೊದಲು ಮಾಸುತ್ತದೆ, ಬಿಳಿ ಕೊನೆಯವರೆಗೆ ಉಳಿಯುತ್ತದೆ. ರಾತ್ರಿ ನಿದ್ದೆ ಬಾರದವರ ಕಿಟಕಿಯ ಮುಂದೆ ನಂದಿಬಟ್ಟಲಿನಂಥ ಬಿಳಿ ಹೂಗಳಿರಲಿ.

ಸ್ಪರ್ಶಕ್ಕೆ ಕೋಳಿಜುಟ್ಟಿನ ಹೂವಿನ ಮಖಮಲ್ಲು, ದೊಡ್ಡಪತ್ರೆಯ ದಪ್ಪ ತುಪ್ಪುಳು ಎಲೆ, ಬಸಳೆಯ ನುಣುಪು ಇವು ಸಾಕು. ಮುಟ್ಟಿದರೆ ಮುನಿ ಎಲ್ಲರಿಗೂ ಇಷ್ಟವಾದರೂ ಅದರ ದಂಟಿನಲ್ಲಿ ಮುಳ್ಳಿರುತ್ತದೆ; ಚರ್ಮ ತೆಳುವಾಗಿ ಸಣ್ಣ ಗೀರಿಗೂ ರಕ್ತ ಬರುವವರಿರುವ ಕಡೆ ಅದು, ಗುಲಾಬಿ ಮತ್ತು ಲೋಳೆಸರ ಮೂರೂ ದಾರಿಯಂಚಿನಲ್ಲಿ ಇರಬಾರದು.

ಶಬ್ದದ ವಿಷಯದಲ್ಲಿ ಗಾಳಿಗಂಟೆ ಕಟ್ಟುವ ಆಸೆಯನ್ನು ಬಿಡಿ. ಐದು ನಿಮಿಷ ಇಂಪಾಗಿರುವ ಶಬ್ದವು ಇಡೀ ರಾತ್ರಿ ತಪ್ಪಿಸಿಕೊಳ್ಳಲಾಗದ ಕಿರಿಕಿರಿಯಾಗುತ್ತದೆ. ದಾಸವಾಳ ಮತ್ತು ರತ್ನಗಂಧಿ ನೆಟ್ಟರೆ ಸೂರಕ್ಕಿಗಳೂ ಚಿಟ್ಟೆಗಳೂ ತಾವಾಗಿ ಬರುತ್ತವೆ. ಕಾಳು ಚೆಲ್ಲಿದರೆ ಬರುವುದು ಪಾರಿವಾಳ; ಅವುಗಳ ಹಿಕ್ಕೆಯಿಂದ ಶ್ವಾಸಕೋಶದ ಕಾಯಿಲೆಗಳು ಬರುವುದರಿಂದ ಕಾಳು ಹಾಕುವುದನ್ನು ಸಂಪೂರ್ಣವಾಗಿ ನಿಲ್ಲಿಸಬೇಕು.

ನೀರಿನ ಸದ್ದು ಎಲ್ಲರಿಗೂ ಬೇಕು. ಕರುಣಾಶ್ರಯದ ಕಟ್ಟಡವನ್ನು ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರು ನಡುವಿನ ಕೊಳದ ಸುತ್ತ ರೂಪಿಸಿದ್ದಾರೆ. ನೀರಿನ ಮೇಲಿನ ಬೆಳಕು ಮಲಗಿದವರಿಗೂ ತಲುಪುತ್ತದೆಂಬುದಕ್ಕೆ ಅದು ಒಳ್ಳೆಯ ನಿದರ್ಶನ. ಸ್ವಯಂಸೇವಕರ ತಂಡಕ್ಕೆ ಅಷ್ಟು ದೊಡ್ಡ ಕೆಲಸ ಆಗದಿದ್ದರೂ, ಕಲ್ಲಿನ ಮೇಲಿಂದ ತೆಳುವಾಗಿ ಜಾರಿ ತೊಟ್ಟಿಗೆ ಬೀಳುವ ನೀರನ್ನು ಸಣ್ಣ ಪಂಪಿನಿಂದ ಹರಿಸಬಹುದು. ತುಂತುರು ಚಿಮ್ಮಿಸುವ ಕಾರಂಜಿ ಬೇಡ, ನಿಂತ ನೀರಿನ ಬ್ಯಾಕ್ಟೀರಿಯಾ ಹನಿಗಳ ಮೂಲಕ ಉಸಿರಿಗೆ ಸೇರುವ ಅಪಾಯವಿದೆ. ಸೊಳ್ಳೆಯು ಮೊಟ್ಟೆಯಿಂದ ಹೊರಬಂದು ಹಾರಲು ಒಂದು ವಾರದಿಂದ ಹತ್ತು ದಿನ ಸಾಕು; ಆದ್ದರಿಂದ ತೊಟ್ಟಿಯಲ್ಲಿ ಗಪ್ಪಿ ಮೀನು ಬಿಡಿ, ಕುಂಡಗಳ ಅಡಿತಟ್ಟೆಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ.

ರುಚಿಯ ಬಗ್ಗೆ ಹೇಳಬೇಕಾದದ್ದು ಒಂದೇ. ನರ್ಸ್ ಹೇಳದೆ ಒಂದು ಎಲೆಯನ್ನೂ ಯಾರ ಬಾಯಿಗೂ ಕೊಡಬೇಡಿ. ನುಂಗುವ ಶಕ್ತಿ ಕುಂದಿದವರಿಗೆ ಪುದೀನಾದ ಚೂರೂ ಗಂಟಲಿಗೆ ಸಿಕ್ಕಬಹುದು. ತೋಟದ ಪುದೀನಾ, ನಿಂಬೆ, ಕರಿಬೇವುಗಳು ಅಡುಗೆಮನೆಗೆ ಹೋಗಿ, ಅಲ್ಲಿಂದ ಮಜ್ಜಿಗೆಯಾಗಿಯೋ ಸಾರಾಗಿಯೋ ಬರಲಿ.

ಹೆಜ್ಜೆ 6: ಬೇಡದ ಗಿಡಗಳ ಪಟ್ಟಿ

ಈ ಪಟ್ಟಿಯನ್ನು ಗೇಟಿನಲ್ಲೇ ತೂಗುಹಾಕಿ, ಏಕೆಂದರೆ ದಾನವಾಗಿ ಬರುವ ಗಿಡಗಳಲ್ಲಿ ಇವು ಇದ್ದೇ ಇರುತ್ತವೆ. ಕಣಗಿಲೆ ದೇವರ ಪೂಜೆಗೆ ಎಲ್ಲೆಡೆ ಬಳಕೆಯಲ್ಲಿದ್ದರೂ ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಹಳದಿ ಕಣಗಿಲೆಯ ಬೀಜ ಇನ್ನೂ ಅಪಾಯಕಾರಿ. ದತ್ತೂರಿ, ಗುಲಗಂಜಿ, ಹರಳು, ಗೌರಿಹೂ, ಅಲಂಕಾರದ ಎಲೆಗಿಡವಾದ ಡೈಫೆನ್‌ಬೇಕಿಯಾ, ಹಾಲು ಕಣ್ಣಿಗೆ ತಾಗಿದರೆ ಹಾನಿ ಮಾಡುವ ಎಕ್ಕ ಮತ್ತು ಕಳ್ಳಿಗಳು ಬೇಡ. ರೋಗಿಗಳೊಂದಿಗೆ ಬರುವ ಪುಟ್ಟ ಮಕ್ಕಳನ್ನೂ, ಗೊಂದಲದ ಸ್ಥಿತಿಯಲ್ಲಿ ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಹಿರಿಯರನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು. ಆವರಣದ ಸುತ್ತ ಪಾರ್ಥೇನಿಯಂ ಕಳೆಯನ್ನು ಹೂಬಿಡುವ ಮೊದಲೇ ಕಿತ್ತುಹಾಕಿ.

ಹೆಜ್ಜೆ 7: ಸ್ವಯಂಸೇವಕರ ನಡವಳಿಕೆ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಾರಿ, ಚಪ್ಪರ, ಪಾತಿಗಳ ಕಟ್ಟಡ ಕೆಲಸ ಮುಗಿಸಿ, ಜೂನ್ ಮಳೆ ಹಿಡಿದ ಮೇಲೆ ನೆಡುವುದು ಅನುಕೂಲ. ಕಲ್ಲು ಕೊರೆಯುವುದು, ಕತ್ತರಿಸುವುದನ್ನು ಸಾಧ್ಯವಾದಷ್ಟು ಹೊರಗೇ ಮಾಡಿಸಿ ತನ್ನಿ. ಒಳಗೆ ಸದ್ದಿನ ಕೆಲಸಕ್ಕೆ ಹೊತ್ತು ಯಾವುದೆಂದು ನರ್ಸ್‌ಗಳು ಹೇಳಲಿ. ಯಾರದಾದರೂ ಕೊನೆಯ ಗಳಿಗೆ ಸಮೀಪಿಸಿದೆಯೆಂದು ತಿಳಿದುಬಂದರೆ ಆ ದಿನದ ಕೆಲಸವನ್ನು ಮಾತಿಲ್ಲದೆ ನಿಲ್ಲಿಸಬೇಕು.

ನೆಗಡಿ, ಕೆಮ್ಮು, ಜ್ವರವಿದ್ದವರು ಬರಬಾರದು. ರೋಗಿಗಳ ಫೋಟೊ ತೆಗೆಯಬಾರದು, ಅವರ ಹೆಸರು ಮತ್ತು ಕಾಯಿಲೆಯ ವಿವರವನ್ನು ಹೊರಗೆ ಆಡಬಾರದು. ‘ಏನಾಗಿದೆ ನಿಮಗೆ?’ ಎಂದು ಕೇಳಬೇಡಿ. ‘ಬೇಗ ಹುಷಾರಾಗ್ತೀರಿ’ ಎಂದೂ ಹೇಳಬೇಡಿ. ‘ಅಮ್ಮಾ, ಈ ಗಿಡ ನೋಡ್ತೀರಾ?’ ಎನ್ನುವುದು ಸಾಕು, ಉತ್ತರ ಬರದಿದ್ದರೆ ಬೇಸರಪಡಬೇಕಿಲ್ಲ. ಅತ್ಯಂತ ಗಟ್ಟಿಯಾಗಿ ಹೇಳಬೇಕಾದ ಮಾತೆಂದರೆ, ತೋಟದ ಯಾವ ಎಲೆ ಬೇರನ್ನೂ ಔಷಧಿಯೆಂದು ಕೊಡಬಾರದು, ಇಂಥ ಕಷಾಯದಿಂದ ಕ್ಯಾನ್ಸರ್ ವಾಸಿಯಾಗುತ್ತದೆಂಬ ಮಾತನ್ನು ರೋಗಿಯ ಮುಂದಾಗಲೀ ಮನೆಯವರ ಮುಂದಾಗಲೀ ಎತ್ತಬಾರದು. ಎಷ್ಟೋ ಕಷ್ಟಪಟ್ಟು ಸತ್ಯವನ್ನು ಒಪ್ಪಿಕೊಂಡಿರುವ ಕುಟುಂಬವನ್ನು ಅಂಥ ಒಂದು ಮಾತು ಮತ್ತೆ ಕದಡಿಬಿಡುತ್ತದೆ.

ಅಗಲಿದವರ ನೆನಪಿಗೆ ಗಿಡ ನೆಡುತ್ತೇವೆ, ಹೆಸರಿನ ಫಲಕ ಹಾಕುತ್ತೇವೆ ಎಂದು ಕುಟುಂಬದವರು ಕೇಳುವುದು ಸಹಜ. ಇದಕ್ಕೆ ನಿಯಮವನ್ನು ಮೊದಲೇ ಮಾಡಿಕೊಳ್ಳಿ. ಫಲಕಗಳು ತುಂಬಿದ ದಾರಿಯಲ್ಲಿ ಈಗ ಬದುಕಿರುವವರನ್ನು ತಳ್ಳಿಕೊಂಡು ಹೋಗುವುದು ನನ್ನ ಮಟ್ಟಿಗೆ ಸರಿಯಲ್ಲ. ಹೆಸರುಗಳಿಗೆ ಕಚೇರಿಯಲ್ಲಿ ಒಂದು ಪುಸ್ತಕವಿರಲಿ; ಗಿಡದ ಬದಲು ಬೀಜ ಬಿತ್ತುವ, ಪಾತಿಗೆ ಮಣ್ಣು ತುಂಬುವ ದಿನಗಳಿಗೆ ಆ ಕುಟುಂಬಗಳನ್ನು ಕರೆಯಿರಿ. ನೆಟ್ಟ ಗಿಡ ಒಣಗಿದರೆ ಆಗುವ ಎರಡನೆಯ ದುಃಖವೂ ಇದರಿಂದ ತಪ್ಪುತ್ತದೆ.

ಹೆಜ್ಜೆ 8: ನಿರ್ವಹಣೆ

ಉದ್ಘಾಟನೆಗೆ ಬರುವ ದಾನಿಗಳು ಅನೇಕರು, ಎರಡನೆಯ ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಹಣ ಕೊಡುವವರು ಕಡಿಮೆ. ಆದ್ದರಿಂದ ಸಂಗ್ರಹಿಸಿದ ಹಣದಲ್ಲಿ ಕನಿಷ್ಠ ಮೂರನೆಯ ಒಂದು ಭಾಗವನ್ನು ನಿರ್ವಹಣೆಗೆಂದು ಬೇರೆ ಖಾತೆಯಲ್ಲಿಡಿ. ಹನಿ ನೀರಾವರಿ ಕೊಳವೆ ಹಾಕಿ ಬೆಳಗಿನ ಜಾವಕ್ಕೆ ಟೈಮರ್ ಇಟ್ಟರೆ ದಾರಿ ಒದ್ದೆಯಾಗಿ ಜಾರುವುದೂ ತಪ್ಪುತ್ತದೆ. ಒಬ್ಬ ಮಾಲಿಯನ್ನು ಸಂಬಳಕ್ಕೆ ನೇಮಿಸಿ, ಅವರನ್ನೂ ತಂಡದ ಸಭೆಗಳಲ್ಲಿ ಕೂರಿಸಿಕೊಳ್ಳಿ. ಸ್ವಯಂಸೇವಕರ ಭಾನುವಾರದ ಉತ್ಸಾಹವನ್ನಷ್ಟೇ ನಂಬಿ ತೋಟ ನಡೆಸಲಾಗದು. ರಾಸಾಯನಿಕ ಕೀಟನಾಶಕವನ್ನು ಆವರಣದೊಳಗೆ ತರಲೇಬೇಡಿ. ಹಿಟ್ಟುತಿಗಣೆ ಹತ್ತಿದ ಕಡ್ಡಿಯನ್ನು ಕತ್ತರಿಸಿ ಒಯ್ಯಿರಿ, ಅಗತ್ಯಬಿದ್ದರೆ ಸೋಪಿನ ನೀರು ಬಳಸಿ.

ನರ್ಸ್‌ಗಳ ಮೇಜಿನ ಬಳಿ ಒಂದು ನೋಟ್‌ಪುಸ್ತಕ ಇಡಿ. ಯಾವ ಕುಂಡವನ್ನು ಯಾವ ಕಿಟಕಿಗೆ ತಳ್ಳಲಾಯಿತು, ಯಾವ ವಾಸನೆ ಯಾರಿಗೂ ಹಿಡಿಸಲಿಲ್ಲ, ಯಾವ ಬೆಂಚಿನ ಮೇಲೆ ಮಧ್ಯಾಹ್ನ ಬಿಸಿಲು ಬೀಳುತ್ತಿದೆ ಎಂಬುದನ್ನು ಅವರು ಒಂದೊಂದು ಸಾಲಿನಲ್ಲಿ ಬರೆಯಲಿ. ಮೂರು ತಿಂಗಳಿಗೊಮ್ಮೆ ಮಾಲಿ, ಒಬ್ಬ ನರ್ಸ್, ಒಬ್ಬ ಆಯಾ ಮತ್ತು ತಂಡದ ಇಬ್ಬರು ಅದನ್ನು ಓದಿ, ಯಾವ ಗಿಡ ಎಲ್ಲಿಗೆ ಹೋಗಬೇಕು, ಯಾವುದು ಹೊರಬೀಳಬೇಕು ಎಂಬುದನ್ನು ತೀರ್ಮಾನಿಸಬೇಕು. ಮೊದಲ ಸಭೆಯನ್ನು ನೆಟ್ಟ ಮೇಲಿನ ಸೆಪ್ಟೆಂಬರ್‌ನಲ್ಲಿಯೇ ಇಟ್ಟುಕೊಂಡರೆ, ಚಳಿಗಾಲದ ದವನ ಮತ್ತು ಸೇವಂತಿಗೆಗೆ ಪಾತಿ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ.